ಒಂದು ಕಡಿಮೆ

“ಅರ್ರಾಯ್” ಎಂದ. ಕನ್ನಡಿಯಲ್ಲಿ ತುಟಿ ಸರಿಯಾಗಿ ಆಡಿದಂತೆ ಕಾಣಲಿಲ್ಲ. ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. “ಅರ್ರಾಯ್. ಎಲ್ಲಾ ಅರ್ರಾಯ್‌ನಲ್ಲಿ ಹಾಕಿಟ್ಟಿದೀನಿ.”

“ಯಾರ ಹತ್ರ ಮಾತಾಡ್ತಿದೀರಿ?” ಬಚ್ಚಲಿನ ಆಚೆಯಿಂದ ಹೆಂಡತಿ ಕೇಳಿದಳು.

“ಯಾರ ಹತ್ರಾನೂ ಇಲ್ಲ.”

ನಿಜವೇ. ಸಾಲಾಗಿ ಜೋಡಿಸಿಟ್ಟ ಪಟ್ಟಿಗೆ ಪ್ರೋಗ್ರಾಮಿಂಗಿನಲ್ಲಿರುವ ಆ ಇಂಗ್ಲಿಷ್ ಶಬ್ದವನ್ನು ಹದಿನಾಲ್ಕು ವರ್ಷಗಳಿಂದ ಓದಿದ್ದ, ಬರೆದಿದ್ದ, ಅದು ಕಾಟ ಕೊಟ್ಟಾಗ ಬೈದಿದ್ದ. ಇನ್ನೊಬ್ಬರ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಪ್ರೋಗ್ರಾಮಿಂಗಿನ ಶಬ್ದಗಳೆಲ್ಲ ಅವನಿಗೆ ಹಾಗೆಯೇ, ಮುಖ ಗೊತ್ತು, ದನಿ ಗೊತ್ತಿಲ್ಲ. ಬೇಕೆಂದರೆ ಕೇಳಬಹುದಿತ್ತು. ಪಾಠ ಹೇಳುವ ವಿಡಿಯೋಗಳಿಗೆ ಈಗೇನು ಬರವೆ? ಆದರೆ ಯಾರೋ ಹೇಳಿಕೊಟ್ಟದ್ದನ್ನು ಕೇಳಿದರೆ ‘ನಾನೇ ಕಲಿತೆ’ ಎನ್ನುವುದು ಸುಳ್ಳಾಗುತ್ತದೆ. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದರೂ ಅದು ಸುಳ್ಳಾಗಬಾರದಿತ್ತು.

ಇವತ್ತು ಹತ್ತು ಗಂಟೆಗೆ ಆ ಶಬ್ದಗಳನ್ನೆಲ್ಲ ಇನ್ನೊಬ್ಬರ ಮುಂದೆ ಹೇಳಬೇಕಾಗಿತ್ತು.

ಹೆಂಡತಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಊರವರ ಬಟ್ಟೆಗೆಲ್ಲ ಗೆರೆ ಕೂರಿಸಿ ಬಂದಮೇಲೆ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ ಎಂಬುದು ಅವಳ ಹಟ. ಇವತ್ತು ಅವನ ಬಿಳಿ ಅಂಗಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ತೋಳಿನ ಗೆರೆ ಮುಟ್ಟಿದರೆ ಕುಯ್ಯುವಂತಿತ್ತು. ಅವನು ತೊಟ್ಟುಕೊಂಡ.

“ಇವತ್ತೇ ತಾನೆ ಅವರು ಬರೋದು?” ಚಹದ ಲೋಟ ಮುಂದಿಡುತ್ತ ಕೇಳಿದಳು.

“ಹೂಂ.”

“ಕಂಪ್ಯೂಟರ್ ವಿಭಾಗಕ್ಕೆ ತಗೋತಾರಂತಾ?”

“ಯಾರು ಹೇಳಿದ್ದು?”

“ನೀವೇ. ನಿದ್ದೆಯಲ್ಲಿ.”

ಅವನು ಚಹ ಕುಡಿದ. ಮೂಲೆಯಲ್ಲಿ ಅವನ ಹಳೆಯ ಕಂಪ್ಯೂಟರ್, ಅದರ ಮೇಲೊಂದು ದಿಂಬಿನ ಚೀಲ. ಮೊದಮೊದಲು ಹೆಂಡತಿ ಅದನ್ನು ಸವತಿ ಎನ್ನುತ್ತಿದ್ದಳು. “ನನ್ನ ಸವತಿ ಎದ್ದಿದಾಳೆ, ಹೋಗಿ ಮಾತಾಡಿಸಿ ಅಂತೀನಿ ನಮ್ಮ ಯಜಮಾನರಿಗೆ” ಎಂದು ಅಂಗಡಿಯವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳಂತೆ. ಯಾವಾಗಲೋ ಆ ತಮಾಷೆ ನಿಂತುಹೋಗಿತ್ತು. ನಿಂತದ್ದು ಅವನ ಗಮನಕ್ಕೆ ಬಂದದ್ದು ನಿಂತು ಎರಡು ವರ್ಷವಾದ ಮೇಲೆ. ಅಷ್ಟರಲ್ಲಿ ಯಾಕೆ ನಿಲ್ಲಿಸಿದೆ ಎಂದು ಕೇಳುವ ಕಾಲ ಮೀರಿತ್ತು.

ಹೊರಡುವಾಗ ಅವಳು ಅವನ ಕಾಲರನ್ನು ಒಮ್ಮೆ ಮುಟ್ಟಿ ನೋಡಿದಳು. ಗಿರಾಕಿಯ ಬಟ್ಟೆ ಮುಟ್ಟಿದ ಹಾಗೆ.

*

ನಗರ ಸಾರಿಗೆಯ ‘ಕಳೆದುಹೋದ ವಸ್ತುಗಳ ಕಚೇರಿ’ ಇದ್ದದ್ದು ಬಸ್ ಡಿಪೋದ ನೆಲಮಾಳಿಗೆಯಲ್ಲಿ. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತಿತ್ತು: ಛತ್ರಿ, ಡಬ್ಬಿ, ಕನ್ನಡಕ, ಒಮ್ಮೆ ಒಂದು ಕಿಟಕಿಯ ಚೌಕಟ್ಟು, ಒಮ್ಮೆ ಒಂದು ಹಲ್ಲುಸೆಟ್ಟು. ಅವನು ಅಲ್ಲಿಯ ಗುಮಾಸ್ತ. ಬಂದ ವಸ್ತುವನ್ನು ದಾಖಲಿಸುವುದು, ಹುಡುಕಿಕೊಂಡು ಬಂದವರಿಗೆ ‘ಇದೆ’ ಅಥವಾ ‘ಇಲ್ಲ’ ಎನ್ನುವುದು. ಆರು ತಿಂಗಳಾದರೂ ಯಾರೂ ಬಾರದಿದ್ದರೆ ಆ ವಸ್ತು ವಿಲೇವಾರಿಗೆ ಹೋಗುತ್ತಿತ್ತು.

ಹಾಗೆ ವಿಲೇವಾರಿಯ ರಾಶಿಯಲ್ಲಿ ಸಿಕ್ಕಿದ್ದು ಆ ಪುಸ್ತಕ. ಹಳದಿ ರಟ್ಟು, ದಪ್ಪನೆಯದು, ಪ್ರೋಗ್ರಾಮಿಂಗ್ ಕಲಿಸುವುದು. ಕಳೆದುಕೊಂಡವನು ಮೂವತ್ತೊಂದನೆಯ ಪುಟದವರೆಗೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದ. ಅಲ್ಲಿಂದ ಮುಂದೆ ಪುಟಗಳು ಹೊಚ್ಚಹೊಸದಾಗಿದ್ದವು. ಬಸ್ಸಿನಲ್ಲಿ ಮರೆತದ್ದೋ, ಸಾಕಪ್ಪಾ ಎಂದು ಬಿಟ್ಟುಹೋದದ್ದೋ. ಮೂವತ್ತೆರಡನೆಯ ಪುಟ ಅರ್ಥವಾದ ದಿನ, ಮುಖ ನೋಡದ ಆ ಮನುಷ್ಯನನ್ನು ಗೆದ್ದಂತೆ ಅವನ ಎದೆ ಹೊಡೆದುಕೊಂಡಿತ್ತು.

ಕಲಿಯಲು ಮೂರು ವರ್ಷ. ಊಟದ ಹೊತ್ತು, ಬೆಳಗಿನ ಹೊತ್ತು, ರಜೆಯ ಹೊತ್ತು. ಕಚೇರಿಯ ಪ್ರೋಗ್ರಾಮು ಬರೆಯಲು ಇನ್ನೆರಡು ವರ್ಷ. ಬಂದ ವಸ್ತುಗಳ ಪಟ್ಟಿಯನ್ನು ದಿನದಿನಕ್ಕೆ ಬೇರೆಯಾಗಿ ಇಟ್ಟು, ಹುಡುಕಿ ಬಂದವರ ಅರ್ಜಿಯನ್ನು ಅವುಗಳ ಜೊತೆ ಹೋಲಿಸಿ ನೋಡುವ ಪ್ರೋಗ್ರಾಮು. ಒಂಬತ್ತು ವರ್ಷದಿಂದ ಓಡುತ್ತಿತ್ತು. ಮೊದಲ ದಿನ ಮ್ಯಾನೇಜರು ಬಂದು ನೋಡಿ, “ಪರವಾಗಿಲ್ವೇ, ನೀನು ಒಳಗೊಳಗೇ ಪಳಗಿದೋನು” ಎಂದಿದ್ದರು. ಆಮೇಲೆ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಕೆಲಸ ಮಾಡುವ ನಲ್ಲಿಯ ಸುದ್ದಿಯನ್ನು ಯಾರು ಎತ್ತುತ್ತಾರೆ?

ಈಗ ಸಾರಿಗೆಗೆಲ್ಲ ಹೊಸ ವ್ಯವಸ್ಥೆ ಬರುತ್ತಿತ್ತು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಒಬ್ಬ ಇಂಜಿನಿಯರು ಬರುವುದಿತ್ತು.

ಬಂದವಳು ಹುಡುಗಿ. ಇಪ್ಪತ್ತಾರೋ ಇಪ್ಪತ್ತೇಳೋ. ಬೆನ್ನಿಗೆ ಚೀಲ, ಕೈಯಲ್ಲಿ ಅರ್ಧ ತಿಂದ ಸೇಬು. ಅವನ ಕುರ್ಚಿಯಲ್ಲಿ ಕೂತು, “ನಿಮ್ಮದೇನಾ ಸರ್ ಇದೆಲ್ಲಾ?” ಎಂದಳು. ಆಮೇಲೆ ಸುಮ್ಮನೆ ಓದತೊಡಗಿದಳು.

ಅವನು ಅವಳ ಹಿಂದೆ ನಿಂತ. ಅವನು ಬರೆದದ್ದನ್ನು ಇನ್ನೊಬ್ಬರು ಓದುವುದು ಇದೇ ಮೊದಲು. ಪರದೆಯ ಮೇಲೆ ಸಾಲುಗಳು ಮೇಲೆ ಸರಿಯುತ್ತಿದ್ದವು. ಕೆಲವು ಕಡೆ ಅವಳು ನಿಲ್ಲುತ್ತಿದ್ದಳು.

“ಅರೇ!” ಎಂದಳು.

ಅವನು ಗಾಬರಿಯಾಗಿ ಬಗ್ಗಿದ. “ಏನಾಯ್ತು?”

“ಏನಿಲ್ಲ. ಇಷ್ಟು ದೊಡ್ಡ ಅರೇ ಒಂದೇ ಸಲಕ್ಕೆ ತುಂಬಿಸ್ತೀರಾ ಅಂತ.”

ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರೇ. ಹದಿನಾಲ್ಕು ವರ್ಷ ಜೊತೆಗಿದ್ದದ್ದರ ಹೆಸರು ಅದು. ಬೆಳಿಗ್ಗೆ ಕನ್ನಡಿಯ ಮುಂದೆ ಆಡಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಇನ್ನು ಮೇಲೆ ಬಾಯಿ ತೆರೆಯುವುದು ಬೇಡ, ಕೇಳಿದ್ದಕ್ಕೆ ಹೌದು-ಅಲ್ಲ ಅಂದರೆ ಸಾಕು ಎಂದುಕೊಂಡ.

ಅವಳು ಮತ್ತೆ ನಿಂತಳು. ಅವನಿಗೆ ಗೊತ್ತಿತ್ತು, ಅಲ್ಲಿ ನಿಲ್ಲುತ್ತಾಳೆಂದು. ಅಲ್ಲಿಗೆ ಬಂದಾಗ ಏನು ಹೇಳಬೇಕೆಂದು ವಾರದಿಂದ ಸಿದ್ಧಮಾಡಿಕೊಂಡಿದ್ದ. ಗುಮಾಸ್ತ ‘ಕನ್ನಡಕ’ ಎಂದು ಬರೆದರೆ ಅರ್ಜಿ ಕೊಡುವವರಲ್ಲಿ ಒಬ್ಬ ‘ಕನಡಕ’ ಎಂದು ಬರೆಯುತ್ತಾನೆ, ಮತ್ತೊಬ್ಬ ‘ಕನ್ನಡ್ಕ’. ಕಂಪ್ಯೂಟರಿಗೆ ಮೂರೂ ಬೇರೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸಿ, ಹತ್ತಿರದವನ್ನು ಆರಿಸುವ ಉಪಾಯವನ್ನು ಅವನು ಹೊಸೆದಿದ್ದ. ಏಳು ತಿಂಗಳು ಸಿಗದ ಆ ಲೆಕ್ಕ ಒಂದು ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳದ ಮೇಲೆ, ಸಾರಿನಲ್ಲಿ ಗೆರೆ ಎಳೆಯುವಾಗ, ಹೊಳೆದಿತ್ತು. ತಿದ್ದುವ ಒಂದೊಂದು ಅಕ್ಷರವೂ ಒಂದೊಂದು ಮೆಟ್ಟಿಲಾದ್ದರಿಂದ ಅದಕ್ಕೆ ‘ಏಣಿ’ ಎಂದು ಹೆಸರಿಟ್ಟಿದ್ದ. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವನ ಭುಜ ಹಿಡಿದು ಹೇಳಿಬಿಡಬೇಕೆನಿಸಿತ್ತು. ಹೇಳಿರಲಿಲ್ಲ.

“ಇದನ್ನ ಎಲ್ಲಿಂದ ತಗೊಂಡ್ರಿ ಸರ್?”

“ಎಲ್ಲಿಂದಲೂ ಇಲ್ಲ. ನಾನೇ.”

ಅವಳು ತಿರುಗಿ ಅವನ ಮುಖ ನೋಡಿದಳು. “ನೀವೇ? ಪುಸ್ತಕ ನೋಡದೆ?”

“ಪುಸ್ತಕದಲ್ಲಿ ಇರಲಿಲ್ಲ.”

“ಇದಕ್ಕೊಂದು ಹೆಸರಿದೆ ಸರ್” ಎಂದಳು. ಯಾರೋ ಪರದೇಶದವನ ಹೆಸರು ಹೇಳಿದಳು. “ಅರವತ್ತು ವರ್ಷ ಹಳೇದು. ನಮಗೆ ಎರಡನೇ ವರ್ಷದಲ್ಲಿತ್ತು. ಪರೀಕ್ಷೆಗೆ ಐದು ಮಾರ್ಕಿಗೆ ಬರ್ತಿತ್ತು.” ಅವಳ ಕಣ್ಣು ಅರಳಿತ್ತು. “ತಮಾಷೆ ಅಲ್ಲ ಸರ್, ನಿಜವಾಗ್ಲೂ ಗ್ರೇಟ್ ನೀವು. ನಮಗೆ ಹೇಳಿಕೊಟ್ಟರೂ ತಲೆಗೆ ಹತ್ತಿರಲಿಲ್ಲ.”

ಅವಳು ವ್ಯಂಗ್ಯವಾಡಿದ್ದರೆ ಕೋಪಿಸಿಕೊಳ್ಳಬಹುದಿತ್ತು. ತಪ್ಪೆಂದಿದ್ದರೆ ವಾದಿಸಬಹುದಿತ್ತು. ಅವಳು ಮನಸಾರೆ ಹೊಗಳಿದ್ದಳು. ಅವನು ಅಂಗಿಯ ತೋಳಿನ ಗೆರೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತ.

*

ಹನ್ನೊಂದೂವರೆಗೆ ಅವಳು, “ಒಂದು ನಿಮಿಷ” ಎಂದಳು. “ನಿಮ್ಮ ಪ್ರೋಗ್ರಾಮು ಎಲ್ಲಾ ದಿನಗಳನ್ನ ಹುಡುಕಿದ್ರೆ ಮೂವತ್ತೊಂದು ಸಾವಿರದ ನಾನೂರ ಆರು ವಸ್ತು ನೋಡ್ದೆ ಅನ್ನುತ್ತೆ. ನಮ್ಮದು ಎಣಿಸಿದ್ರೆ ಮೂವತ್ನಾಲ್ಕು ಸಾವಿರದ ನೂರ ಹದಿನೆಂಟು.”

“ನಿಮ್ಮದು ತಪ್ಪಿರಬೇಕು.”

ಅವಳು ಏನೋ ಗುಣಿಸಿದಳು, ಏನೋ ಕಳೆದಳು. “ವ್ಯತ್ಯಾಸ ಎರಡು ಸಾವಿರದ ಏಳುನೂರ ಹನ್ನೆರಡು. ಸರ್, ಇಲ್ಲಿ ಒಟ್ಟು ಎಷ್ಟು ದಿನದ ಪಟ್ಟಿ ಇವೆ?”

ಅವನು ನೋಡಿದ. ಎರಡು ಸಾವಿರದ ಏಳುನೂರ ಹನ್ನೆರಡು ದಿನ.

“ದಿನಕ್ಕೊಂದು” ಎಂದಳು. ಪರದೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟಳು. “ಇಲ್ಲಿ ನೋಡಿ. ಒಂದು ಕಡಿಮೆ ಇದೆ. ಪಟ್ಟಿಯ ಕೊನೇದಕ್ಕೆ ಹೋಗೋ ಮುಂಚೆನೇ ನಿಂತುಬಿಡುತ್ತೆ.”

ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಕೊನೆಗೆ ಒಂದು ಕಳೆಯಬೇಕು ಎಂದು ಹಳದಿ ಪುಸ್ತಕ ಹೇಳಿತ್ತು. ಅವನು ಕಳೆದಿದ್ದ. ಎಲ್ಲಿ ಮರೆಯುತ್ತೇನೋ ಎಂಬ ಭಯಕ್ಕೆ ಎರಡು ಕಡೆ ಕಳೆದಿದ್ದ.

“ಅಂದರೆ ಪ್ರತಿದಿನ ಕೊನೆಗೆ ಬರೆದದ್ದು...”

“ಹುಡುಕುವಾಗ ಸಿಗ್ತಿರಲಿಲ್ಲ. ದಾಖಲೆ ಇದೆ, ಆದರೆ ಸಿಗಲ್ಲ.” ಅವಳು ಸೇಬಿನ ಉಳಿದ ಭಾಗವನ್ನು ಕಾಗದದಲ್ಲಿ ಸುತ್ತಿದಳು. “ಬೇಜಾರು ಮಾಡ್ಕೋಬೇಡಿ ಸರ್. ಎಲ್ಲರಿಗೂ ಆಗುತ್ತೆ. ಇದಕ್ಕೂ ಒಂದು ಹೆಸರಿದೆ.”

ಏಣಿ ಅವನದಾಗಿರಲಿಲ್ಲ. ಈಗ ತಪ್ಪು ಕೂಡ ಅವನದಲ್ಲ.

ಅವಳು ಊಟಕ್ಕೆ ಹೋದಮೇಲೆ ಮ್ಯಾನೇಜರ ಕೋಣೆಗೆ ಹೋದ. ಅವರು ಹೊಸ ಯಂತ್ರದ ಪೆಟ್ಟಿಗೆಗಳ ನಡುವೆ ಕಾಲಿಡಲು ಜಾಗವಿಲ್ಲದೆ ನಿಂತಿದ್ದರು.

“ಸರ್, ಪ್ರೋಗ್ರಾಮಿನಲ್ಲಿ ಒಂದು ತಪ್ಪಾಗಿದೆ.”

“ಯಾವುದರಲ್ಲಿ? ಹೊಸದರಲ್ಲಾ?”

“ಅಲ್ಲ, ನನ್ನದರಲ್ಲಿ.”

“ಸದ್ಯ!” ಅವರ ಮುಖ ಬಿಚ್ಚಿಕೊಂಡಿತು. “ಎದೆ ಧಸಕ್ ಅಂತು ಮಾರಾಯ. ನಾಳೆಯಿಂದ ಅದೇ ಇರಲ್ಲ, ಅದರ ತಪ್ಪು ಎಲ್ಲಿಂದ ಬಂತು?”

“ಜನಕ್ಕೆ ಇಲ್ಲ ಅಂತ ಹೇಳಿ ಕಳಿಸಿದೀನಿ ಸರ್. ಇದ್ದದ್ದನ್ನ.”

“ಇಲ್ಲ ಅಂದ್ರೆ ಜನ ಸತ್ತೋಗಲ್ಲ. ಹೊಸದು ತಗೋತಾರೆ.” ಆಮೇಲೆ ದನಿ ತಗ್ಗಿಸಿ, “ಇದನ್ನ ಕಾಗದದ ಮೇಲೆ ಎಲ್ಲೂ ಬರೀಬೇಡ” ಎಂದರು. ಅವನು ಬಾಗಿಲಲ್ಲೇ ನಿಂತಿರುವುದು ಕಂಡು, “ಆ ಕಂಪ್ಯೂಟರ್ ವಿಭಾಗದ್ದು ತಾನೆ? ನೋಡೋಣ. ಸದ್ಯಕ್ಕೆ ಪಾಸ್ ಕೌಂಟರಿನಲ್ಲಿ ಒಬ್ಬರು ಬೇಕು” ಎಂದರು.

ಅವನು ಅದನ್ನು ಕೇಳಲು ನಿಂತಿರಲಿಲ್ಲ. ಆದರೆ ಅಲ್ಲ ಎನ್ನಲೂ ಇಲ್ಲ.

ನೆಲಮಾಳಿಗೆಗೆ ಮರಳಿ ತಪ್ಪಿದ್ದ ಸಾಲನ್ನು ತಿದ್ದಿದ. ಒಂದೇ ಒಂದು ಅಂಕಿ ಅಳಿಸಬೇಕಿತ್ತು. ಅರ್ಧ ನಿಮಿಷದ ಕೆಲಸ. ಒಂಬತ್ತು ವರ್ಷದಲ್ಲಿ ಬರಿಗೈಯಲ್ಲಿ ಹೋದವರ ಅರ್ಜಿಗಳನ್ನೆಲ್ಲ ತಿದ್ದಿದ ಪ್ರೋಗ್ರಾಮಿಗೆ ಕೊಟ್ಟ. ಯಂತ್ರ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತೀರ ಹಳೆಯ ಅರ್ಜಿಗಳಿಂದ ಮೊದಲಾಗಿ ಸಾಲುಗಳು ಬರತೊಡಗಿದವು. ನೀಲಿ ಛತ್ರಿ, ಇದೆ. ಮಗುವಿನ ಎಕ್ಸ್-ರೇ ಇದ್ದ ಲಕೋಟೆ, ಇದೆ. ಶ್ರವಣಯಂತ್ರ, ಇದೆ. ಮದುವೆಯ ಫೋಟೋಗಳ ಚೀಲ, ಇದೆ. ಇದೆ, ಇದೆ, ಇದೆ. ಇವುಗಳಲ್ಲಿ ಒಂದೂ ಈಗ ಇರಲಿಲ್ಲ. ಎಲ್ಲ ವಿಲೇವಾರಿಯಾಗಿ ವರ್ಷಗಳಾಗಿದ್ದವು. ಪ್ರತಿ ಸಾಲಿನ ತುದಿಯಲ್ಲಿ ‘ದಾಖಲಿಸಿದವರು’ ಎಂಬಲ್ಲಿ ಅವನದೇ ಹೆಸರು.

ಒಂದು ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು. ‘ಬೂಟು, ಕಪ್ಪು, ಎಡಗಾಲಿನದು ಮಾತ್ರ. ಅಟ್ಟೆ ಮೂರು ಬೆರಳು ದಪ್ಪ.’

ಆ ಹೆಂಗಸು ಅವನಿಗೆ ನೆನಪಿದ್ದಳು. ಆರು ವರ್ಷದ ಹಿಂದೆ ಮೂರು ಸಲ ಬಂದಿದ್ದಳು. ಹುಟ್ಟಿನಿಂದ ಒಂದು ಕಾಲು ಗಿಡ್ಡ; ಆ ಕಾಲಿಗೆಂದೇ ಹೊಲಿಸಿದ ಬೂಟು, ರಿಪೇರಿಗೆ ಒಯ್ಯುವಾಗ ಬಸ್ಸಿನಲ್ಲಿ ಬಿಟ್ಟದ್ದು. ಮೊದಲ ಸಲ ಅವನು, “ಒಂದೇ ಬೂಟಾ? ಜೋಡಿಯಲ್ವಾ?” ಎಂದು ಕೇಳಿ ನಕ್ಕಿದ್ದ. ಅವಳೂ ನಕ್ಕು, “ನನಗೆ ಒಂದೇ ಸಾಕು” ಎಂದಿದ್ದಳು. ಎರಡನೆಯ ಸಲ, ನಿಮ್ಮ ಕೋಣೆಯಲ್ಲೇ ಒಮ್ಮೆ ಕಣ್ಣಾಡಿಸಿ ನೋಡುತ್ತೀರಾ ಎಂದು ಕೇಳಿದಾಗ, ಅವನು ಹೆಮ್ಮೆಯಿಂದ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದ್ದ. “ಈಗ ಹಾಗೆಲ್ಲ ಹುಡುಕೋ ಹಾಗಿಲ್ಲಮ್ಮ. ಇದು ಇಲ್ಲ ಅಂದ್ರೆ ಇಲ್ಲ.” ಆ ಬೂಟನ್ನು ತನ್ನ ಕೈಯಾರೆ ಕಪಾಟಿನಲ್ಲಿಟ್ಟು ಆಗ ಹನ್ನೆರಡು ದಿನವಾಗಿತ್ತು. ಅವನಿಗೆ ಅದು ನೆನಪಿಗೆ ಬಂದಿರಲಿಲ್ಲ. ನೆನಪಿಟ್ಟುಕೊಳ್ಳುವ ಕೆಲಸವನ್ನು ಯಂತ್ರಕ್ಕೆ ವಹಿಸಿಯಾಗಿತ್ತು.

ಅರ್ಜಿಯಲ್ಲಿ ವಿಳಾಸವಿತ್ತು. ಬರೆದುಕೊಂಡ.

ಫೋನು ಹೊಡೆದುಕೊಂಡಿತು. ಹೆಂಡತಿ. ಹಿಂದೆ ಹಬೆಯ ಇಸ್ತ್ರಿಯ ಬುಸ್ ಎನ್ನುವ ಸದ್ದು.

“ಹೇಗಾಯ್ತು?”

“ಆಯ್ತು.”

“ಏನಂದ್ರು?”

“ಚೆನ್ನಾಗಿದೆ ಅಂದ್ರು. ಗ್ರೇಟ್ ಅಂದ್ರು.”

ಹಬೆ ಎರಡು ಸಲ ಬುಸುಗುಟ್ಟಿತು. “ಮತ್ಯಾಕೆ ದನಿ ಹೀಗಿದೆ?”

“ಇಲ್ಲಿ ಸಿಗ್ನಲ್ ಸರಿ ಇಲ್ಲ.”

“ನಾನಿವತ್ತು ಬೇಗ ಬರ್ತೀನಿ” ಎಂದಳು. ಬರಬೇಡ ಎಂದೂ, ಬಾ ಎಂದೂ ಹೇಳಲಾಗದೆ ಅವನು “ಹೂಂ” ಎಂದ.

*

ಮೂರನೆಯ ಮಹಡಿ. ಲಿಫ್ಟ್ ಇರಲಿಲ್ಲ. ಬಾಗಿಲು ತೆರೆದವಳು ಆ ಬೂಟಿನ ಹೆಂಗಸಲ್ಲ. ಅವಳದೇ ಮೂಗಿನ, ಅವಳಿಗಿಂತ ಚಿಕ್ಕ ಹೆಂಗಸು.

“ಸಾರಿಗೆಯವರು” ಎಂದ. “ಹಳೇ ಅರ್ಜಿ ಒಂದಿತ್ತು. ಬೂಟಿನದು.”

ತಂಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಲ್ಲಿ ಪೊಟ್ಟಣವೇನೂ ಇರಲಿಲ್ಲ. “ಅಕ್ಕಾ, ನಿನ್ನ ಬೂಟಿನವರು ಬಂದಿದಾರೆ. ಬೂಟು ತಂದಿಲ್ಲ” ಎಂದು ಕೂಗಿ ಒಳಗೆ ಬಿಟ್ಟಳು.

ಕಿಟಕಿಯ ಪಕ್ಕದ ಮೇಜಿನ ಮುಂದೆ ಅವಳು ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಣಕಾಲಿನ ಮೇಲೆ ಹೊದಿಕೆ. ಅವನನ್ನು ಗುರುತಿಸಲಿಲ್ಲ.

“ಆ ಬೂಟು ಹೊಲಿದ ಮುದುಕ ತೀರಿಕೊಂಡಿದ್ದ” ಎಂದಳು ತಂಗಿ, ಮೇಜಿನ ಮೇಲೆ ನೀರಿನ ಲೋಟ ಇಡುತ್ತ. “ಅಳತೆ ಅವನ ಕೈಗೇ ಗೊತ್ತಿದ್ದದ್ದು. ಬೇರೆಯವನು ಮಾಡಿಕೊಟ್ಟದ್ದು ಒಂದು ಬೆರಳು ಕಮ್ಮಿ ಬಿತ್ತು. ಮಾರನೇ ತಿಂಗಳೇ ಮೆಟ್ಟಿಲ ಮೇಲೆ ಬಿದ್ದಳು. ಸೊಂಟ. ಎರಡು ಆಪರೇಷನ್. ಅಷ್ಟೇ, ಆಮೇಲೆ ಕೆಳಗಿಳಿದಿಲ್ಲ.”

“ಅವರಿಗ್ಯಾಕೆ ಅದೆಲ್ಲಾ” ಎಂದಳು ಅಕ್ಕ.

“ಕೇಳ್ಕೊಂಡು ಬಂದಿದಾರಲ್ಲ, ಹೇಳ್ದೆ.” ತಂಗಿ ಒಳಗೆ ಹೋದಳು. ಪಾತ್ರೆಯ ಸದ್ದು ಬೇಕೆಂದೇ ಜೋರಾಗಿ ಕೇಳಿಸಿತು.

ಅವನು ಕೂತ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತುಗಳಲ್ಲಿ ಸೊಂಟ ಇರಲಿಲ್ಲ.

“ಬೂಟು ಸಿಕ್ಕಿತ್ತು” ಎಂದ. “ಆವಾಗಲೇ. ನಮ್ಮಲ್ಲೇ ಇತ್ತು. ನಾನು ಇಲ್ಲ ಅಂದೆ.”

“ಸುಳ್ಳು ಹೇಳಿದ್ರಾ?”

“ಇಲ್ಲ. ನನಗೆ ಗೊತ್ತಿರಲಿಲ್ಲ. ಕಂಪ್ಯೂಟರು ಇಲ್ಲ ಅಂತು.”

“ಓ, ಕಂಪ್ಯೂಟರು” ಎಂದಳು. ಸಮಾಧಾನವಾದವಳಂತೆ ತಲೆಯಾಡಿಸಿದಳು. ಅದನ್ನು ಅಲ್ಲಿಗೇ ಬಿಡಬಹುದಿತ್ತು. ಜನ ಬಿಟ್ಟುಬಿಡುತ್ತಾರೆ, ಸಿಡಿಲು ಬಡಿಯಿತು ಅಂದಹಾಗೆ. ಅವನು ಎದ್ದು ಕೈಮುಗಿದು ಹೊರಟಿದ್ದರೆ ಅವಳು ಕೂಡ ಮುಗುಳ್ನಗುತ್ತಿದ್ದಳೇನೋ.

“ಆ ಪ್ರೋಗ್ರಾಮು ಬರೆದವನು ನಾನೇ” ಎಂದ.

ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

“ನೀವಾ? ಎಲ್ಲಿ ಕಲಿತ್ರಿ?”

“ಎಲ್ಲೂ ಇಲ್ಲ. ನಾನೇ ಕಲಿತೆ.”

ಹದಿನಾಲ್ಕು ವರ್ಷ ಒಳಗಿಟ್ಟುಕೊಂಡಿದ್ದ ಮಾತು. ಬಾಯಿಂದ ಬಿದ್ದಮೇಲೆ ಅದು ಬೇರೆಯೇ ಆಗಿ ಕೇಳಿಸಿತು. ಒಳಗೆ ಪಾತ್ರೆಯ ಸದ್ದು ನಿಂತಿತು.

“ನಾನು ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ” ಎಂದಳು. “ಯಂತ್ರದ ವಿಷಯ ಹೇಳಿದ್ರೆ ನನಗೆ ಅರ್ಥವಾಗುತ್ತೆ. ಹೇಗೆ ತಪ್ಪಿತು, ಹೇಳಿ.”

“ಅದೆಲ್ಲ ಬೇಡ...”

“ಹೇಳಿ. ಸಂಜೆವರೆಗೂ ಇಲ್ಲೇ ಕೂತಿರ್ತೀನಿ ನಾನು.”

ಜೇಬು ತಡವಿದ; ಪೆನ್ನು ಕಚೇರಿಯಲ್ಲೇ ಉಳಿದಿತ್ತು. ಲೋಟದ ನೀರಿನಲ್ಲಿ ಬೆರಳು ಅದ್ದಿ ಮೇಜಿನ ಕಪ್ಪು ಮರದ ಮೇಲೆ ಒಂದು ಚೌಕ ಬರೆದ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು.

“ಇವು ಒಂದು ದಿನ ಬಂದ ವಸ್ತುಗಳು ಅಂದ್ಕೊಳ್ಳಿ. ಇದು ಛತ್ರಿ. ಇದು ಊಟದ ಡಬ್ಬಿ. ಇದು ಯಾರದೋ ಕೀಲಿ. ಹೀಗೆ ಸಾಲಾಗಿ. ಹುಡುಕುವಾಗ ಯಂತ್ರ ಒಂದೊಂದೇ ಚೌಕ ತೆರೆದು ನೋಡುತ್ತಾ ಹೋಗುತ್ತೆ.” ಬರೆಯುತ್ತ ಹೋದಂತೆ ಅವನ ದನಿ ಬಿಸುಪೇರಿತು. ಇಷ್ಟು ಚೆನ್ನಾಗಿ ಯಾರಿಗಾದರೂ ವಿವರಿಸಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ. “ಇವಕ್ಕೆ ನಾವು ಸೊನ್ನೆಯಿಂದ ಅಂಕಿ ಕೊಡ್ತೀವಿ. ಸೊನ್ನೆ, ಒಂದು, ಎರಡು... ಇದು ಏಳು. ಇದು ನಿಮ್ಮ ಬೂಟು.”

ಅವಳು ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಕಿಟಕಿಯಿಂದ ನಾಲ್ಕು ಗಂಟೆಯ ಬಿಸಿಲು ಮೇಜಿಗೆ ನೇರ ಬೀಳುತ್ತಿತ್ತು.

“ಸೊನ್ನೆ ಯಾವುದು?” ಎಂದಳು.

ಅವನು ತೋರಿಸಲು ಬೆರಳು ಚಾಚಿದ. ಅಲ್ಲಿ ಒಣಗಿದ ಮರವಿತ್ತು. ಛತ್ರಿ ಹೋಗಿತ್ತು, ಡಬ್ಬಿಯ ಒಂದು ಬದಿ ಮಾತ್ರ ಉಳಿದಿತ್ತು.

“ಇಲ್ಲಿತ್ತು” ಎಂದ. ಬೆರಳು ಅದ್ದಿ ಅದನ್ನು ಮತ್ತೆ ಬರೆದ, ಪಕ್ಕದ್ದನ್ನೂ ಬರೆದ. ಕೀಲಿಯನ್ನು ಬರೆಯುವಷ್ಟರಲ್ಲಿ ಆ ತುದಿಯ ಬೂಟು ತೆಳ್ಳಗಾಗುತ್ತಿತ್ತು.

“ನನಗೆ ಪೂರ್ತಿ ತಿಳೀಲಿಲ್ಲ” ಎಂದಳು ಅವಳು. ಆ ದನಿಯಲ್ಲಿ ಕೋಪವಿದೆಯೋ, ಕುತೂಹಲವೋ, ಇಷ್ಟು ದಿನಕ್ಕೆ ಒಬ್ಬರು ಮನೆಗೆ ಬಂದರಲ್ಲ ಎಂಬುದೋ, ಅವನಿಗೆ ಗೊತ್ತಾಗಲಿಲ್ಲ. “ಮೊದಲಿಂದ ಹೇಳಿ.”

ಅವನು ಲೋಟಕ್ಕೆ ಬೆರಳು ಇಳಿಸಿದ. ಸೊನ್ನೆ, ಎಂದ. ಒಂದು. ಎರಡು. ಐದಕ್ಕೆ ಬರುವಷ್ಟರಲ್ಲಿ ಹಿಂದೆ ಒಂದೊಂದೇ ಚೌಕ ಮೂಲೆ ಬಿಟ್ಟುಕೊಡುತ್ತಿತ್ತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಅವನು ಬೇಗಬೇಗ ಬರೆಯತೊಡಗಿದ.